ಗಡಿಯಲ್ಲಿ ಹುದ್ದೆ ಎಣಿಸಬೇಡಿ, ಕುರ್ಚಿ ಎಣಿಸಿ: ಹಣಕಾಸು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ನಿರ್ಮಲಾ ಸೀತಾರಾಮನ್ ಅವರಿಗೆ,

ಮೇಡಂ, ನಮಸ್ಕಾರ.

ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಮಂಡಿ ರೈಟರ್ ಕೆಲಸ ನನ್ನದು. ಯಾವ ಲೋಡ್ ಎಲ್ಲಿಗೆ ಹೋಯಿತು, ಎಷ್ಟು ಬಾಕ್ಸ್, ಲಾರಿ ಬಾಡಿಗೆ ಎಷ್ಟು, ದಾರಿಯಲ್ಲಿ ಎಷ್ಟು ಕೊಳೆಯಿತು ಅಂತ ಬರೆದಿಡುತ್ತೇನೆ. ನೀವು ಕರ್ನಾಟಕದಿಂದ ರಾಜ್ಯಸಭೆಗೆ ಹೋದವರು. ಕಸ್ಟಮ್ಸ್ ಇಲಾಖೆಯೂ ನಿಮ್ಮ ಸಚಿವಾಲಯದ ಕೆಳಗೇ ಬರುತ್ತದೆ. ಹಾಗಾಗಿ ಹತ್ತಿರಹತ್ತಿರ ಎರಡು ಸಾವಿರ ಕಿಲೋಮೀಟರ್ ಆಚೆಯ ಗಡಿಯೊಂದರ ವಿಷಯವನ್ನು ಕೋಲಾರದಿಂದ ಕೂತು ಬರೆಯುತ್ತಿದ್ದೇನೆ.

ಆ ಗಡಿ ಪೆಟ್ರಾಪೋಲ್. ಪಶ್ಚಿಮ ಬಂಗಾಳದ ಉತ್ತರ 24 ಪರಗಣ ಜಿಲ್ಲೆಯಲ್ಲಿದೆ. ಕೋಲ್ಕತ್ತದಿಂದ ಜೆಸ್ಸೋರ್ ರಸ್ತೆ ಹಿಡಿದರೆ ಸುಮಾರು 80 ಕಿಲೋಮೀಟರ್. ಆಚೆ ಬದಿ ಬಾಂಗ್ಲಾದೇಶದ ಬೆನಾಪೋಲ್. ಬಾಂಗ್ಲಾಕ್ಕೆ ಹೋಗುವ ನಮ್ಮ ಕಡೆಯ ಟೊಮೆಟೊ ಇರಲಿ, ವಿಜಯಪುರದ ಕಡೆಯ ದ್ರಾಕ್ಷಿ ಇರಲಿ, ಚಿತ್ತೂರು, ವಿಜಯವಾಡ, ವಿಶಾಖಪಟ್ಟಣ, ಭುವನೇಶ್ವರ ಅಂತ ದಾಟಿಕೊಂಡು ಕೊನೆಗೆ ಬಂದು ನಿಲ್ಲುವ ಬಾಗಿಲುಗಳಲ್ಲಿ ಇದೇ ದೊಡ್ಡದು. ಭಾರತ ಮತ್ತು ಬಾಂಗ್ಲಾದೇಶದ ನಡುವೆ ರಸ್ತೆ ಮೇಲೆ ನಡೆಯುವ ವ್ಯಾಪಾರದಲ್ಲಿ ಬೆಲೆಯ ಲೆಕ್ಕದಲ್ಲಿ ಸುಮಾರು ಶೇಕಡ 70 ಪಾಲು ಈ ಒಂದೇ ಕಡೆ ಆಗುತ್ತದೆ. 2023-24ರಲ್ಲಿ ಇಲ್ಲಿ ದಾಟಿದ ಸರಕಿನ ಬೆಲೆ 30 ಸಾವಿರ ಕೋಟಿ ರೂಪಾಯಿಗೂ ಮೇಲೆ. ಅದೇ ವರ್ಷ ದಾಟಿದ ಜನ 23 ಲಕ್ಷಕ್ಕೂ ಜಾಸ್ತಿ.

ಕಟ್ಟಡಗಳ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಭೂ ಬಂದರು ಪ್ರಾಧಿಕಾರ 2012ರಲ್ಲಿ ಶುರುವಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಪಂಜಾಬಿನ ಪಾಕಿಸ್ತಾನ ಗಡಿಯ ಅಟ್ಟಾರಿಯಲ್ಲಿ ದೇಶದ ಮೊದಲ ಇಂಟಿಗ್ರೇಟೆಡ್ ಚೆಕ್ ಪೋಸ್ಟ್, ಅಂದರೆ ಗಡಿಯ ಎಲ್ಲ ತಪಾಸಣೆಯೂ ಒಂದೇ ಆವರಣದಲ್ಲಿ ನಡೆಯುವ ಠಾಣೆ, ತೆರೆಯಿತು. 2016ರಲ್ಲಿ ಪೆಟ್ರಾಪೋಲ್‌ನದು ಬಂತು. 2024ರ ಅಕ್ಟೋಬರ್ 27ರಂದು ಅಲ್ಲಿ ಹೊಸ ಪ್ಯಾಸೆಂಜರ್ ಟರ್ಮಿನಲ್ ಮತ್ತು ಸರಕು ಲಾರಿಗಳಿಗಾಗಿ 'ಮೈತ್ರಿ ದ್ವಾರ' ಉದ್ಘಾಟನೆ ಆಯಿತು. ದಿನಕ್ಕೆ 20 ಸಾವಿರ ಜನ ದಾಟಬಹುದಾದ ಟರ್ಮಿನಲ್ ಅದು. ಗೇಟು ಅಗಲವಾಯಿತು, ಯಾರ್ಡ್ ದೊಡ್ಡದಾಯಿತು, ನೆರಳು ಬಂತು, ಶೌಚಾಲಯ ಬಂತು. ಲಾರಿ ಡ್ರೈವರ್‌ಗಳನ್ನು ಕೇಳಿದರೂ ಮೊದಲಿಗಿಂತ ಎಷ್ಟೋ ವಾಸಿ ಅಂತಲೇ ಹೇಳುತ್ತಾರೆ.

ಅಷ್ಟು ಅಗಲವಾದ ಗೇಟಿನಲ್ಲಿ ರಾತ್ರಿ ಎರಡು ಗಂಟೆಗೆ ಎಷ್ಟು ಕಸ್ಟಮ್ಸ್ ಅಧಿಕಾರಿಗಳು ಕೂತಿರಬೇಕು ಅಂತ ಯಾರು ಲೆಕ್ಕ ಹಾಕಿದ್ದಾರೆ? ಇದೊಂದನ್ನು ಕೇಳಲು ಈ ಪತ್ರ.

2017ರ ಆಗಸ್ಟ್ 1ರಿಂದ ಪೆಟ್ರಾಪೋಲ್ ಮತ್ತು ಬೆನಾಪೋಲ್ ಎರಡೂ ಕಡೆ ದಿನದ 24 ಗಂಟೆ, ವಾರದ ಏಳೂ ದಿನ ಕೆಲಸ ಅಂತ ಘೋಷಣೆ ಆಯಿತು. ಬಹಳ ಒಳ್ಳೆಯ ತೀರ್ಮಾನ. ಆದರೆ ಬಾಗಿಲು 24 ಗಂಟೆ ತೆರೆದಿಡುತ್ತೇವೆ ಅನ್ನುವುದು ಒಂದು ಆದೇಶದಿಂದ ಮುಗಿಯುವ ಮಾತಲ್ಲ. ಹಿಂದೆಯೇ ಜನರನ್ನು ಕೊಡಬೇಕು. ಅದು ಎಷ್ಟು ಜನ ಅಂತ ಒಂದು ಸಾದಾ ಲೆಕ್ಕ ಹಾಕಿ ನೋಡಿದೆ. ಲೆಕ್ಕ ಬರೆಯುವವನಿಗೆ ಇದು ಚಟ, ಕ್ಷಮಿಸಿ.

ಒಂದು ಕುರ್ಚಿ ಅಂದುಕೊಳ್ಳಿ. ಯಾರ್ಡಿನಲ್ಲಿ ಲಾರಿಯ ತಾರ್ಪಾಲು ತೆಗೆಸಿ ಸರಕು ನೋಡುವ ಇನ್ಸ್‌ಪೆಕ್ಟರ್ ಕುರ್ಚಿ ಅಂತಲೇ ಇರಲಿ. ಅದು ವರ್ಷವಿಡೀ ಖಾಲಿ ಬೀಳಬಾರದು ಅಂದರೆ 8,760 ಗಂಟೆ ತುಂಬಬೇಕು. ಕೇಂದ್ರ ಸರ್ಕಾರದ ನೌಕರರಿಗೆ ವಾರಕ್ಕೆ ಐದು ದಿನ, 40 ಗಂಟೆ ಅಂತ ಹಿಡಿದರೆ ವರ್ಷಕ್ಕೆ 2,080 ಗಂಟೆ. ಇದರಲ್ಲಿ ರಜೆ ಕಳೆಯಬೇಕು. ಗಳಿಕೆ ರಜೆ 30 ದಿನ, ಶನಿವಾರ ಭಾನುವಾರ ಬಿಟ್ಟರೆ 22 ಅನ್ನೋಣ. ಸಾಂದರ್ಭಿಕ ರಜೆ 8. ಹಬ್ಬದ ರಜೆ 17. ಒಟ್ಟು 47 ದಿನ, ಅಂದರೆ 376 ಗಂಟೆ. ಉಳಿಯುವುದು 1,704 ಗಂಟೆ. 8,760ನ್ನು 1,704ರಿಂದ ಭಾಗಿಸಿದರೆ ಐದಕ್ಕಿಂತ ಸ್ವಲ್ಪ ಜಾಸ್ತಿ.

ಅಂದರೆ ಒಂದು ಕುರ್ಚಿಗೆ ಐದು ಜನ. ಹತ್ತು ಕುರ್ಚಿಗೆ ಐವತ್ತೊಂದು. ಇದರಲ್ಲಿ ಜ್ವರ ಸೇರಿಲ್ಲ, ಹೆರಿಗೆ ರಜೆ ಸೇರಿಲ್ಲ, ತರಬೇತಿ ಸೇರಿಲ್ಲ. ಹಳೆಯ ಕೇಸಿಗೆ ಸಾಕ್ಷಿ ಹೇಳಲು ಕೋರ್ಟಿಗೆ ಹೋಗುವ ದಿನಗಳೂ ಸೇರಿಲ್ಲ. ಕಸ್ಟಮ್ಸ್‌ನವರಿಗೆ ಕೋರ್ಟ್ ದಿನಗಳು ಕಡಿಮೆ ಏನಲ್ಲ.

ಶಿಫ್ಟನ್ನು ಹನ್ನೆರಡು ಗಂಟೆ ಮಾಡಬಹುದು, ಇಪ್ಪತ್ನಾಲ್ಕು ಗಂಟೆ ಡ್ಯೂಟಿ ಹಾಕಿ ಎರಡು ದಿನ ಬಿಡುವು ಕೊಡಬಹುದು. ಒಟ್ಟು ಗಂಟೆ ಅದರಿಂದ ಕಡಿಮೆ ಆಗುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಚೀಲ ಬಿಚ್ಚಿಸುವ ಮನುಷ್ಯನಿಗೆ ನಿದ್ದೆ ತೂಗುತ್ತಿರುತ್ತದೆ, ಅಷ್ಟೇ. ಇದೆಲ್ಲ ಹೆದ್ದಾರಿ ಪಕ್ಕದಲ್ಲಿ ರಾತ್ರಿಯಿಡೀ ತೆರೆದಿರುವ ಪೆಟ್ರೋಲ್ ಬಂಕಿನ ಮಾಲೀಕನಿಗೂ ಗೊತ್ತಿರುವ ಲೆಕ್ಕ. ಇಲಾಖೆಯ ಲೆಕ್ಕ ಮಾತ್ರ ಬೇರೆ ಥರ ನಡೆಯುತ್ತದೆ. ಅಲ್ಲಿ ಎಣಿಸುವುದು ಮಂಜೂರಾದ ಹುದ್ದೆಯನ್ನು. ಆ ಹುದ್ದೆ ಇಡೀ ಕಮಿಷನರೇಟಿನದು. ಪೆಟ್ರಾಪೋಲ್ ಸೇರಿರುವುದು ಕೋಲ್ಕತ್ತದಲ್ಲಿರುವ ಪಶ್ಚಿಮ ಬಂಗಾಳದ ಕಸ್ಟಮ್ಸ್ ಪ್ರಿವೆಂಟಿವ್ ಕಮಿಷನರೇಟಿಗೆ. ಉದ್ದನೆಯ ಗಡಿಯಲ್ಲಿ ಕಳ್ಳಸಾಗಣೆ ತಡೆಯುವುದು, ಬೇರೆ ಬೇರೆ ಭೂ ಕಸ್ಟಮ್ಸ್ ಠಾಣೆಗಳನ್ನು ನಡೆಸುವುದು, ಕಚೇರಿಯ ಫೈಲು, ಕೇಸು, ಹರಾಜು, ಎಲ್ಲ ಅಲ್ಲಿಂದಲೇ. ಒಟ್ಟು ಹುದ್ದೆಯಲ್ಲಿ ಇಂತಿಷ್ಟು ಭರ್ತಿ ಆಗಿದೆ ಅಂತ ನೀವು ಸಂಸತ್ತಿನಲ್ಲಿ ಉತ್ತರ ಕೊಟ್ಟರೂ, ಗೇಟಿನ ಮೂರನೇ ಶಿಫ್ಟಿನಲ್ಲಿ ಎಷ್ಟು ಕುರ್ಚಿ ತುಂಬಿವೆ ಅಂತ ಅದರಿಂದ ತಿಳಿಯುವುದಿಲ್ಲ.

2013ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಈ ಇಲಾಖೆಗೆ 18,067 ಹೊಸ ಹುದ್ದೆ ಮಂಜೂರು ಮಾಡಿತ್ತು. ಎಕ್ಸೈಸ್, ಸರ್ವಿಸ್ ಟ್ಯಾಕ್ಸ್, ಕಸ್ಟಮ್ಸ್ ಮೂರನ್ನೂ ಸೇರಿಸಿ ಮಾಡಿದ ಲೆಕ್ಕ ಅದು. ಆಗ ಜಿಎಸ್‌ಟಿ ಬಂದಿರಲಿಲ್ಲ. ಪೆಟ್ರಾಪೋಲ್‌ನಲ್ಲಿ ಇಂಟಿಗ್ರೇಟೆಡ್ ಚೆಕ್ ಪೋಸ್ಟ್ ಇರಲಿಲ್ಲ. ರಾತ್ರಿ ಕೆಲಸ ಅನ್ನುವುದೂ ಇರಲಿಲ್ಲ. ಆಮೇಲೆ ಗಡಿಯ ಕೆಲಸದ ಸ್ವರೂಪವೇ ಬದಲಾಗಿದೆ. ಆ ಲೆಕ್ಕವನ್ನು ಭೂ ಗಡಿಯ ಮಟ್ಟಿಗಾದರೂ ಮೊದಲಿಂದ ಮಾಡಬೇಕಾಗಿದೆ.

ಇದಕ್ಕೆ ದೆಹಲಿಯಿಂದ ಬರುವ ಉತ್ತರ ಏನಿರುತ್ತದೆ ಅಂತ ನನಗೆ ಗೊತ್ತು. ಎಲ್ಲ ಕಂಪ್ಯೂಟರ್ ಆಗಿದೆಯಲ್ಲ ಅಂತ. ಸರಿ, ಆ ವಿಷಯವನ್ನೇ ನೋಡೋಣ.

ರಫ್ತಿನ ಶಿಪ್ಪಿಂಗ್ ಬಿಲ್, ಆಮದಿನ ಬಿಲ್ ಆಫ್ ಎಂಟ್ರಿ ಎಲ್ಲ ಕಸ್ಟಮ್ಸ್‌ನವರ ಐಸ್‌ಗೇಟ್ ಪೋರ್ಟಲ್‌ನಲ್ಲಿ ಹಾಕುತ್ತಾರೆ. ಯಾವ ಸರಕು ತೆಗೆದು ನೋಡಬೇಕು, ಯಾವುದನ್ನು ಹಾಗೇ ಬಿಡಬೇಕು ಅಂತ ರಿಸ್ಕ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಹೇಳುತ್ತದೆ. ಫೇಸ್‌ಲೆಸ್ ಅಸೆಸ್‌ಮೆಂಟ್ ಬಂದು ಸುಂಕ ಎಷ್ಟು ಅಂತ ನೋಡುವ ಅಧಿಕಾರಿ ಬೇರೆ ಊರಿನಲ್ಲಿ ಕೂತಿರಬಹುದು. ಇದು ದೇಶದಲ್ಲಿ ಮೊದಲು ಶುರುವಾಗಿದ್ದೇ 2020ರ ಜೂನ್ 8ರಂದು, ನಮ್ಮ ಬೆಂಗಳೂರಿನಲ್ಲಿ ಮತ್ತು ಚೆನ್ನೈನಲ್ಲಿ. ಆ ವರ್ಷ ಅಕ್ಟೋಬರ್ ಮುಗಿಯುವಷ್ಟರಲ್ಲಿ ದೇಶಕ್ಕೆಲ್ಲ ಹಬ್ಬಿತು. ಬೆಂಗಳೂರಿನ ವಿಮಾನ ಸರಕು, ಚೆನ್ನೈನ ಕಂಟೇನರ್ ನೋಡುವವರಿಗೆ ಇದರಿಂದ ಎಷ್ಟೋ ಹಗುರಾಯಿತು. ಒಪ್ಪುತ್ತೇನೆ.

ಆದರೆ ಪೆಟ್ರಾಪೋಲ್‌ಗೆ ಬರುವುದರಲ್ಲಿ ಸೀಲ್ ಹಾಕಿದ ಕಂಟೇನರ್‌ಗಿಂತ ಜಾಸ್ತಿ ಹಗ್ಗ ಕಟ್ಟಿ ತಾರ್ಪಾಲು ಹೊದಿಸಿದ ಲಾರಿಗಳು. ಒಂದರಲ್ಲಿ ಮೆಣಸಿನಕಾಯಿ ಚೀಲ, ಇನ್ನೊಂದರಲ್ಲಿ ಹತ್ತಿ, ಮತ್ತೊಂದರಲ್ಲಿ ವಾಹನದ ಬಿಡಿಭಾಗ, ಅದರ ಹಿಂದೆ ನಮ್ಮ ಹಣ್ಣು ತರಕಾರಿ. ಫೈಲು ಬೆಂಗಳೂರಿಗೆ ಹೋಗಬಹುದು. ಚೀಲ ಹೋಗುವುದಿಲ್ಲ. ಇಂಥ ಲಾರಿ ನೋಡಬೇಕು ಅಂತ ಸಿಸ್ಟಮ್ ಹೇಳಿದರೆ ಹಗ್ಗ ಬಿಚ್ಚಿಸಿ, ಮೇಲಿನ ಸಾಲು ಇಳಿಸಿ, ಒಳಗಿನದನ್ನು ನೋಡುವವನು ಅಲ್ಲೇ ಇರಬೇಕು. ಅವನು ನೋಡಿ ಬರೆದ ಮೇಲೆಯೇ ಲೆಟ್ ಎಕ್ಸ್‌ಪೋರ್ಟ್ ಆರ್ಡರ್, ಅಂದರೆ ಸರಕು ಹೊರಗೆ ಕಳಿಸಲು ಅನುಮತಿ, ಬರುವುದು. ಅದು ಬಂದ ಮೇಲೆಯೇ ಲಾರಿ ಗೇಟಿನ ಕಡೆ ಹೊರಡುವುದು.

ಸ್ಕ್ಯಾನರ್ ಬಗ್ಗೆಯೂ ಇದೇ ಮಾತು. ಸ್ಕ್ಯಾನರ್ ಕೊಡುವುದು ಒಂದು ಚಿತ್ರ. ಅದನ್ನು ಓದಲು ಕಲಿತವನು ಬೇಕು. ಅನುಮಾನ ಬಂದರೆ ಇಳಿದು ಹೋಗಿ ತೆರೆದು ನೋಡಲು ಇನ್ನೊಬ್ಬ ಬೇಕು. 2019ರ ಜೂನ್ 29 ನಿಮಗೆ ನೆನಪಿರುತ್ತದೆ. ನೀವು ಹಣಕಾಸು ಸಚಿವರಾಗಿ ಒಂದು ತಿಂಗಳು ಆಗಿತ್ತಷ್ಟೇ. ಪಾಕಿಸ್ತಾನದಿಂದ ಅಟ್ಟಾರಿಗೆ ಕಲ್ಲುಪ್ಪಿನ ಲೋಡ್ ಬಂದಿತ್ತು. 600 ಚೀಲ. ಅದರಲ್ಲಿ 15 ಚೀಲಗಳಲ್ಲಿ ಹೆರಾಯಿನ್. ತೂಕ ಹಾಕಿದರೆ 532 ಕಿಲೋ. 600ರಲ್ಲಿ 15 ಅಂದರೆ ನಲವತ್ತಕ್ಕೆ ಒಂದು. ಮೇಲಿನ ನಾಲ್ಕು ಚೀಲ ತಟ್ಟಿ ನೋಡಿ ಕಳಿಸಿದ್ದರೆ ಅದು ದೇಶದೊಳಗೆ ಹೋಗಿಬಿಡುತ್ತಿತ್ತು. ಒಂದೊಂದೇ ಚೀಲ ನೋಡಲು ವೇಳೆ ಇದ್ದವರು, ತಾಳ್ಮೆ ಇದ್ದವರು ಅಂದು ಅಲ್ಲಿದ್ದರು. ಹಿಂದೆ ಐವತ್ತು ಲಾರಿ ಹಾರ್ನ್ ಹೊಡೆಯುತ್ತಿದ್ದು, ಇರುವವನು ಒಬ್ಬನೇ ಆಗಿದ್ದರೆ ಅವನಿಂದ ಅಷ್ಟು ತಾಳ್ಮೆ ನಿರೀಕ್ಷಿಸಲು ಆಗುತ್ತದಾ?

ಬಂಗಾಳದ ಗಡಿಯಲ್ಲಿ ಚಿನ್ನದ ಕಾಟ. ಲಾರಿಯ ಕ್ಯಾಬಿನ್ನಿನಲ್ಲಿ, ಬೂಟಿನೊಳಗೆ, ಬೆಲ್ಟಿನೊಳಗೆ ಬಿಸ್ಕತ್ತು ಸಿಗುವುದು ಅಲ್ಲಿ ಹೊಸ ಸುದ್ದಿಯೇ ಅಲ್ಲ. 2024ರ ಜುಲೈ ಬಜೆಟ್‌ನಲ್ಲಿ ನೀವು ಚಿನ್ನದ ಸುಂಕವನ್ನು ಶೇಕಡ 15ರಿಂದ 6ಕ್ಕೆ ಇಳಿಸಿದಿರಿ. ಕಳ್ಳಸಾಗಣೆಯ ಲಾಭ ಕಡಿಮೆ ಮಾಡಲು ಅದು ಸರಿಯಾದ ಹೆಜ್ಜೆ ಅಂತ ನನ್ನ ಅಭಿಪ್ರಾಯ. ಆದರೂ ತಪಾಸಣೆ ನಿಲ್ಲಿಸಲು ಆಗುವುದಿಲ್ಲ. ಅಲ್ಲಿ ಬಿಎಸ್‌ಎಫ್ ಯೋಧರೂ ಹಿಡಿಯುತ್ತಾರೆ. ಹಿಡಿದದ್ದನ್ನು ಕಸ್ಟಮ್ಸ್‌ಗೆ ಒಪ್ಪಿಸಿದ ಮೇಲೆ ಪಂಚನಾಮೆ, ತೂಕ, ಸೀಲು, ಹೇಳಿಕೆ, ಕೇಸು ಅಂತ ಮುಂದಿನ ಕೆಲಸ ಶುರುವಾಗುತ್ತದೆ. ಅದನ್ನು ಮಾಡುವವರು ಎಲ್ಲಿಂದ ಬರುತ್ತಾರೆ? ಇರುವವರಲ್ಲೇ ಬರಬೇಕು.

ಈಗ ನಮ್ಮ ಕಡೆಯ ಮಾತು. ಕೋಲಾರದಿಂದ ಹೊರಟ ಟೊಮೆಟೊ ಗಡಿ ಮುಟ್ಟುವ ಹೊತ್ತಿಗೆ ಮೂರು ನಾಲ್ಕು ದಿನ ಕಳೆದಿರುತ್ತದೆ. ದೂರದ ಲೋಡಿಗೆ ಅಂತ ಸ್ವಲ್ಪ ಕಾಯಿ ಇರುವಾಗಲೇ ತುಂಬುತ್ತೇವೆ. ಅದಕ್ಕೂ ಒಂದು ಮಿತಿ ಇದೆ. ಬಾಗಿಲಲ್ಲಿ ಒಂದು ದಿನ ಜಾಸ್ತಿ ನಿಂತರೆ ಕೆಳಗಿನ ಸಾಲಿನ ಬಾಕ್ಸಿನಿಂದ ನೀರು ಸೋರಲು ಶುರು. ಲಾರಿಯವರಿಗೆ ಹಾಲ್ಟಿಂಗ್, ಅಂದರೆ ನಿಂತ ದಿನದ ಬಾಡಿಗೆ, ಕೊಡಬೇಕು. ಆಚೆ ಬದಿಯ ಖರೀದಿದಾರ ಮಾಲು ನೋಡಿ ರೇಟ್ ಮುರಿಯುತ್ತಾನೆ. ಆ ಮುರಿದ ರೇಟು ಕೊನೆಗೆ ಬಂದು ಬೀಳುವುದು ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ರೈತನ ಪಟ್ಟಿಯಲ್ಲಿ. ಬಾಂಗ್ಲಾ ಲೋಡಿನಲ್ಲಿ ಹೊಡೆತ ಬಿದ್ದ ವಾರ ಇಲ್ಲಿ ಹರಾಜಿನಲ್ಲಿ ಕೂಗುವ ಧ್ವನಿಯೇ ತಗ್ಗುತ್ತದೆ.

ತಡ ಆಗುವುದೆಲ್ಲ ಕಸ್ಟಮ್ಸ್‌ನಿಂದ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಬೆನಾಪೋಲ್‌ನಲ್ಲಿ ಇಳಿಸಲು ಜಾಗ ಇಲ್ಲದೆ ನಿಲ್ಲುತ್ತವೆ. ಶುಕ್ರವಾರ ಆಚೆ ಕಡೆ ವಾರದ ರಜೆ. ಕಾಗದಪತ್ರದ ತಪ್ಪಿನಿಂದ ನಿಲ್ಲುವ ಲೋಡೂ ಉಂಟು, ಅದಕ್ಕೆ ನಮ್ಮವರೇ ಕಾರಣ. ಮೊದಲು ಪೆಟ್ರಾಪೋಲ್ ಹತ್ತಿರದ ಬೊಂಗಾಂವ್ ಊರಿನ ಸುತ್ತಮುತ್ತಲ ಪಾರ್ಕಿಂಗ್‌ಗಳಲ್ಲಿ ಲಾರಿಗಳು ವಾರಗಟ್ಟಲೆ ಬಿದ್ದಿರುತ್ತಿದ್ದವು. 2022ರಲ್ಲಿ ಪಶ್ಚಿಮ ಬಂಗಾಳ ಸರ್ಕಾರ 'ಸುವಿಧಾ' ಅನ್ನುವ ಆನ್‌ಲೈನ್ ಸ್ಲಾಟ್ ಬುಕಿಂಗ್ ತಂದ ಮೇಲೆ ಆ ಗೋಳು ಬಹಳ ಇಳಿಯಿತು. ಆದರೆ ಸ್ಲಾಟ್ ಅಂದರೆ ಒಂದು ಮಾತು ಕೊಟ್ಟ ಹಾಗೆ. ಇಂಥ ಹೊತ್ತಿಗೆ ಬಾ ಅಂತ ಕರೆದ ಮೇಲೆ ಆ ಹೊತ್ತಿಗೆ ನೋಡುವ ಅಧಿಕಾರಿಯೂ ಇರಬೇಕಲ್ವಾ?

ಇದು ಸುಮ್ನೆ ವ್ಯಾಪಾರಿಗಳ ಗೊಣಗಾಟ ಅಂತ ತಳ್ಳಿಹಾಕಬೇಡಿ. ವಿಶ್ವ ವ್ಯಾಪಾರ ಸಂಸ್ಥೆಯ ಟ್ರೇಡ್ ಫೆಸಿಲಿಟೇಶನ್ ಒಪ್ಪಂದಕ್ಕೆ ಭಾರತ 2016ರಲ್ಲೇ ಒಪ್ಪಿಗೆ ಕೊಟ್ಟಿದೆ. 2017ರ ಫೆಬ್ರುವರಿ 22ರಿಂದ ಅದು ಜಾರಿಯಲ್ಲಿದೆ. ಬೇಗ ಕೆಡುವ ಸರಕನ್ನು ಸಾಧ್ಯವಾದಷ್ಟು ಬೇಗ ಬಿಡಬೇಕು, ಅಗತ್ಯ ಬಿದ್ದರೆ ಕಚೇರಿ ವೇಳೆ ಮುಗಿದ ಮೇಲೂ ಬಿಡಬೇಕು ಅಂತ ಅದರಲ್ಲಿದೆ. ಆ ಒಪ್ಪಂದ ಹೇಳುವುದು ಆಮದಿನ ಬಗ್ಗೆ. ಬೇರೆ ದೇಶದ ಸೇಬಿಗೆ ನಾವು ಒಪ್ಪಿಕೊಂಡ ಮರ್ಯಾದೆಯನ್ನು ನಮ್ಮ ಟೊಮೆಟೊ ಹೊರಗೆ ಹೋಗುವಾಗಲೂ ಕೊಡಿ ಅಂತ ಕೇಳಿದರೆ ಜಾಸ್ತಿ ಆಯಿತಾ?

ಇನ್ನೊಂದು ವಿಚಿತ್ರ ಗಮನಿಸಿ. ಒಳನಾಡಿನಲ್ಲಿ ಖಾಸಗಿಯವರು ಕಂಟೇನರ್ ಡಿಪೋ ತೆರೆದರೆ ಅಲ್ಲಿಗೆ ಕಸ್ಟಮ್ಸ್ ಸಿಬ್ಬಂದಿ ಕೊಡಲು ಒಂದು ಪದ್ಧತಿ ಇದೆ. ಅದಕ್ಕೆ ಕಾಸ್ಟ್ ರಿಕವರಿ ಅಂತಾರೆ. ಹುದ್ದೆಯ ಸರಾಸರಿ ವೆಚ್ಚದ 1.85 ಪಟ್ಟು, ಮೇಲೆ ಭತ್ಯೆ ಸೇರಿಸಿ ಡಿಪೋದವರು ಸರ್ಕಾರಕ್ಕೆ ಕಟ್ಟಬೇಕು. ದುಡ್ಡು ಕಟ್ಟಿದವರು ಜನರನ್ನು ಕೇಳಿ ಪಡೆಯುತ್ತಾರೆ. ಒಂದೂವರೆ ಪಟ್ಟಿಗಿಂತ ಜಾಸ್ತಿ ಯಾಕೆ? ರಜೆ, ಪಿಂಚಣಿ, ಬದಲಿ ಸಿಬ್ಬಂದಿ ಅಂತ ಹಿಂದೆ ಖರ್ಚು ಇರುತ್ತದೆ ಅನ್ನುವ ತಿಳಿವಳಿಕೆಯಿಂದಲೇ ಇರಬೇಕು. ಖಾಸಗಿಯವರ ಹತ್ತಿರ ವಸೂಲಿ ಮಾಡುವಾಗ ಇರುವ ಈ ತಿಳಿವಳಿಕೆ, ಸರ್ಕಾರ ತಾನೇ ನಡೆಸುವ ಗಡಿ ಠಾಣೆಗೆ ಜನ ಕೊಡುವಾಗ ಎಲ್ಲಿ ಹೋಗುತ್ತದೆ?

ಜನ ಜಾಸ್ತಿ ಆದರೆ ಕೈ ಚಾಚುವವರೂ ಜಾಸ್ತಿ ಆಗುತ್ತಾರೆ ಅಂತ ನಮ್ಮ ಮಂಡಿಯಲ್ಲೇ ಒಬ್ಬರು ನಕ್ಕರು. ಈ ಮಾತನ್ನು ಎಲ್ಲರೂ ಒಳಗೊಳಗೇ ಅಂದುಕೊಳ್ಳುತ್ತಾರೆ, ಅದಕ್ಕೇ ಇಲ್ಲಿ ಬರೆದೆ. ನನ್ನ ಅನುಭವದಲ್ಲಿ ಅದು ಉಲ್ಟಾ. ಯಾವ ಕಚೇರಿಯೇ ಆಗಲಿ, ಸಾಲು ಉದ್ದ ಇದ್ದಾಗಲೇ ಮುಂದೆ ಬಿಡಿಸಿಕೊಡುತ್ತೇನೆ ಅನ್ನುವ ಮಧ್ಯವರ್ತಿ ಹುಟ್ಟಿಕೊಳ್ಳುವುದು. ಎರಡು ಗಂಟೆಯಲ್ಲಿ ಸರದಿ ಬರುತ್ತದೆ ಅಂತ ಗೊತ್ತಿದ್ದರೆ ಅವನಿಗೆ ಯಾರು ದುಡ್ಡು ಕೊಡುತ್ತಾರೆ?

ಈಗ ಗಡಿಯಲ್ಲಿ ಗದ್ದಲವೇ ಇಲ್ಲವಲ್ಲ ಅಂತಲೂ ನಿಮ್ಮ ಅಧಿಕಾರಿಗಳು ಹೇಳಬಹುದು. ನಿಜ. 2024ರ ಆಗಸ್ಟ್‌ನಲ್ಲಿ ಢಾಕಾದಲ್ಲಿ ಸರ್ಕಾರ ಬಿದ್ದ ಮೇಲೆ ವೀಸಾ ಬಿಗಿಯಾಗಿ ಪ್ರಯಾಣಿಕರು ತೀರಾ ಇಳಿದರು. 2025ರ ಮೇ 17ರಂದು ಬಾಂಗ್ಲಾದ ಸಿದ್ಧ ಉಡುಪು ಭೂ ಗಡಿಯಿಂದ ಬರಬಾರದು, ನ್ಹಾವಾ ಶೇವಾ ಮತ್ತು ಕೋಲ್ಕತ್ತ ಬಂದರಿನಿಂದ ಮಾತ್ರ ಬರಬೇಕು ಅಂತ ನಮ್ಮ ಸರ್ಕಾರ ಆದೇಶ ಹೊರಡಿಸಿತು. ಆಚೆಯವರೂ ಅದಕ್ಕೆ ಮೊದಲೇ ನಮ್ಮ ನೂಲನ್ನು ಭೂ ಗಡಿಯಲ್ಲಿ ತಡೆದಿದ್ದರು. ಅತ್ತ ಅಟ್ಟಾರಿ 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಮುಚ್ಚಿತು.

ನನ್ನ ಪ್ರಕಾರ ಲೆಕ್ಕ ಸರಿ ಮಾಡಲು ಇದೇ ಒಳ್ಳೆಯ ಸಮಯ. ಒಬ್ಬ ಇನ್ಸ್‌ಪೆಕ್ಟರ್ ಅಥವಾ ಹವಾಲ್ದಾರ್ ಬೇಕು ಅಂದರೆ ಅಂಗಡಿಯಿಂದ ತರಲು ಆಗುವುದಿಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್ ಅಧಿಸೂಚನೆ, ಪರೀಕ್ಷೆ, ದೇಹದಾರ್ಢ್ಯ, ದಾಖಲೆ ಪರಿಶೀಲನೆ, ತರಬೇತಿ ಅಂತ ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ಆಮೇಲೂ ಲಾರಿ ನೋಡಿದ ಕೂಡಲೇ ಇದರಲ್ಲೇನೋ ಎಡವಟ್ಟಿದೆ ಅಂತ ಮೂಗಿಗೆ ಬಡಿಯಬೇಕಾದರೆ ಹಳಬರ ಜೊತೆ ಒಂದಷ್ಟು ಕಾಲ ನಿಲ್ಲಬೇಕು. ಬಾಗಿಲು ಪೂರ್ತಿ ತೆರೆದು, ಲಾರಿಗಳು ಮತ್ತೆ ಜೆಸ್ಸೋರ್ ರಸ್ತೆಯಲ್ಲಿ ಸಾಲುಗಟ್ಟಿದ ಮೇಲೆ ಅಧಿಸೂಚನೆ ಹೊರಡಿಸಿದರೆ ಯಾರಿಗೆ ಉಪಯೋಗ?

ತರಬೇತಿಗೆ ಜಾಗದ ಕೊರತೆಯೂ ಈಗಿಲ್ಲ. ಬೆಂಗಳೂರಿನಿಂದ ಹೈದರಾಬಾದ್ ರಸ್ತೆಯಲ್ಲಿ ಬಾಗೇಪಲ್ಲಿ ದಾಟಿ ಸ್ವಲ್ಪ ಮುಂದೆ ಹೋದರೆ ಪಾಲಸಮುದ್ರಂ. ನಿಮ್ಮ ಇಲಾಖೆಯ ಅಕಾಡೆಮಿಯ 500 ಎಕರೆ ಕ್ಯಾಂಪಸ್ ಅಲ್ಲಿದೆ. 2024ರ ಜನವರಿ 16ರಂದು ಪ್ರಧಾನಿಯವರೇ ಬಂದು ಉದ್ಘಾಟಿಸಿದರು. ಇನ್ನು ಹವಾಲ್ದಾರ್ ಹುದ್ದೆಯ ಪರೀಕ್ಷೆಯನ್ನು 2023ರಿಂದ ಕನ್ನಡದಲ್ಲೂ ಬರೆಯಬಹುದು. ಹುಡುಗರಿಗೆ 15 ನಿಮಿಷದಲ್ಲಿ 1,600 ಮೀಟರ್ ನಡೆಯುವ ಪರೀಕ್ಷೆಯೂ ಇದೆ. ನಮ್ಮ ಮಾರುಕಟ್ಟೆಯಲ್ಲಿ ಬಾಕ್ಸ್ ಹೊರುವ ಹುಡುಗರು ಅದನ್ನು ಹತ್ತು ನಿಮಿಷದಲ್ಲಿ ಮುಗಿಸಿಯಾರು. ಪಿಯುಸಿ, ಡಿಗ್ರಿ ಮಾಡಿಕೊಂಡು ಇಲ್ಲೇ ಹಮಾಲಿ ಮಾಡುವವರು ಎಷ್ಟೋ ಜನ ಇದ್ದಾರೆ. ಅವರಿಗೆ ಇಂಥದ್ದೊಂದು ಕೆಲಸ ಇದೆ ಅಂತಲೇ ಗೊತ್ತಿಲ್ಲ.

ನಾನು ಇಷ್ಟು ಸಾವಿರ ಹುದ್ದೆ ಕೊಡಿ ಅಂತ ಕೇಳುತ್ತಿಲ್ಲ. ಸಂಖ್ಯೆ ಹೇಳುವ ಅಧಿಕಾರ ನನಗಿಲ್ಲ. ನನಗೆ ಬೇಕಾದ್ದು ಒಂದು ಕೋಷ್ಟಕ. ಪೆಟ್ರಾಪೋಲ್, ರಕ್ಸೌಲ್, ಜೋಗಬನಿ, ಅಗರ್ತಲಾ, ಡಾವ್ಕಿ, ಹೀಗೆ ಒಂದೊಂದು ಭೂ ಬಂದರಿಗೂ ಯಾವ ಶಿಫ್ಟಿನಲ್ಲಿ ಎಷ್ಟು ಕುರ್ಚಿ ಬೇಕು, ಕಳೆದ ತಿಂಗಳು ಸರಾಸರಿ ಎಷ್ಟು ತುಂಬಿದ್ದವು, ಎಷ್ಟು ಲಾರಿ ದಾಟಿದವು, ಒಂದು ಲಾರಿ ಒಳಗೆ ಬಂದಾಗಿನಿಂದ ಹೊರಗೆ ಹೋಗುವವರೆಗೆ ಎಷ್ಟು ಗಂಟೆ ಹಿಡಿಯಿತು. ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವ ಹಾಗೆ ಹಾಕಿ. ಸರಕು ಬಿಡಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನಿಮ್ಮ ಇಲಾಖೆ ಈಗಲೂ ಟೈಮ್ ರಿಲೀಸ್ ಸ್ಟಡಿ ಮಾಡುತ್ತದೆ. ಆ ಪಕ್ಕದಲ್ಲೇ ಕುರ್ಚಿಯ ಲೆಕ್ಕ ಒಂದು ಸೇರಿದರೆ ಎಲ್ಲಿ ಜನ ಬೇಕು, ಎಲ್ಲಿ ಜಾಸ್ತಿ ಇದ್ದಾರೆ ಅಂತ ಯಾರೂ ವಾದ ಮಾಡಬೇಕಾಗಿಲ್ಲ. ಒಂದು ಗಡಿ ಮುಚ್ಚಿದಾಗ ಅಲ್ಲಿನ ಜನ ಇನ್ನೊಂದು ಕಡೆ ಎಷ್ಟು ಬೇಗ ಹೋದರು ಅನ್ನುವುದೂ ಅದರಲ್ಲೇ ಕಾಣುತ್ತದೆ.

ಆ ಕೋಷ್ಟಕದಲ್ಲಿ ಕಸ್ಟಮ್ಸ್ ಜೊತೆ ಪ್ಲಾಂಟ್ ಕ್ವಾರಂಟೈನ್ (ಬೆಳೆಯ ರೋಗ, ಕೀಟ ಇದೆಯಾ ಅಂತ ನೋಡುವವರು) ಮತ್ತು ಆಹಾರ ಸುರಕ್ಷತೆಯವರ ಕುರ್ಚಿಯನ್ನೂ ಸೇರಿಸಿ. ಅವರು ಬೇರೆ ಸಚಿವಾಲಯದವರು ಅಂತ ಗೊತ್ತು. ಆದರೆ ಹಣ್ಣು ತರಕಾರಿಗೆ ಅವರ ಸರ್ಟಿಫಿಕೇಟ್ ಇಲ್ಲದೆ ಮುಂದೆ ಹೋಗಲು ಆಗುವುದಿಲ್ಲ. ಕಸ್ಟಮ್ಸ್ ರಾತ್ರಿಯಿಡೀ ಎದ್ದಿದ್ದು, ಅವರು ಬೆಳಗ್ಗೆ ಹತ್ತಕ್ಕೆ ಬಂದರೆ ನಮ್ಮ ಲೋಡ್ ಬೆಳಗ್ಗೆ ಹತ್ತರವರೆಗೆ ನಿಂತೇ ಇರುತ್ತದೆ.

ಅಲ್ಲಿಗೆ ಹೋಗಿ ಕೆಲಸ ಮಾಡುವ ಅಧಿಕಾರಿಗಳ ಮನೆ, ಮಕ್ಕಳ ಶಾಲೆ, ಆಸ್ಪತ್ರೆಯ ವಿಷಯವನ್ನೂ ನೋಡಿ. ಗಡಿ ಊರಿಗೆ ಹಾಕಿದ ಕೂಡಲೇ ಕೋಲ್ಕತ್ತಕ್ಕೆ ವರ್ಗ ಕೇಳುವ ಹಾಗಿದ್ದರೆ ಎಷ್ಟು ಹುದ್ದೆ ಕೊಟ್ಟರೂ ಕುರ್ಚಿ ತುಂಬುವುದಿಲ್ಲ.

ಮುಂದಿನ ಬಜೆಟ್‌ಗೆ ಮೊದಲು ಪೆಟ್ರಾಪೋಲ್ ಒಂದರದ್ದಾದರೂ ಈ ಲೆಕ್ಕ ಹೊರಗೆ ಬರಲಿ. ನೀವು ಅಲ್ಲಿಗೆ ಭೇಟಿ ಕೊಡುವುದಾದರೆ ದಯವಿಟ್ಟು ರಾತ್ರಿ ಹೋಗಿ. ಮೊದಲೇ ತಿಳಿಸದೆ ಹೋದರೆ ಇನ್ನೂ ಒಳ್ಳೆಯದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮಂಡಿ ರೈಟರ್,
ಕೋಲಾರ